ಕೆಲಸದವರು ಸರಿ ಇಲ್ಲ

ನಮ್ಮ ದೊಡ್ಡಪ್ಪನ ಕೈಲಿ ಸೈ ಅನ್ನಿಸಿಕೊಂಡ ಕೆಲಸಗಾರ ಇನ್ನೂ ಹುಟ್ಟಿಲ್ಲ. ಪ್ಲಂಬರ್ ಬಂದು ಹೋದಮೇಲೇ ನಲ್ಲಿ ಸೋರುವುದು, ಬಡಗಿ ಅಂದರೆ ಅಳತೆ ತಪ್ಪುವವನು, ಗಾರೆಯವನು ಅರ್ಧ ಸಿಮೆಂಟು ತನ್ನ ಮನೆಗೆ ಸಾಗಿಸುವವನು. ಸರ್ಕಾರಿ ಕಚೇರಿಯಲ್ಲಿ 34 ವರ್ಷ ಬೇರೆಯವರ ಫೈಲಿನಲ್ಲಿ ತಪ್ಪು ಹುಡುಕಿದ ಕೈ, ನಿವೃತ್ತಿಯ ಮಾರನೇ ದಿನವೇ ಸ್ಕ್ರೂಡ್ರೈವರ್ ಹಿಡಿಯಿತು. ಬನಿಯನ್ನು, ಎತ್ತಿ ಕಟ್ಟಿದ ಪಂಚೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಮೈಸೂರಿನ ಅವರ ಮನೆ 1962ರಲ್ಲಿ ಅವರಪ್ಪ ಕಟ್ಟಿಸಿದ್ದು. ಕೆಂಪು ನೆಲ. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ, ಹಸಿ ಇರುವಾಗಲೇ ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿ, ದಿನಗಟ್ಟಲೆ ನೀರು ನಿಲ್ಲಿಸಿ ಹದ ಮಾಡಿದ್ದು. ಅಜ್ಜಿ, ಆಮೇಲೆ ದೊಡ್ಡಮ್ಮ, ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮುಖ ಕಾಣುವ ಹಾಗೆ ಇಟ್ಟಿದ್ದರು. ಈಚೆಗೆ ಉಯ್ಯಾಲೆ ಮಣೆಯ ಕೆಳಗೆ ಕಾಲು ತಾಗುವ ಕಡೆ ಮಾತ್ರ ಬಿಳುಚಿಕೊಂಡಿತ್ತು. ಮಗ ಟೈಲ್ಸ್ ಅಂದ.

"ಇದೇನು ನರ್ಸಿಂಗ್ ಹೋಮೇನೋ?"

ಗಾರೆಯವನು ಬಂದು ನೋಡಿ ಒಂದು ರೇಟು ಹೇಳಿದ. ದೊಡ್ಡಪ್ಪ ಅವನಿಗೆ ಕಾಫಿ ಕುಡಿಸಿ ಕಳಿಸಿ, ತಾವೇ ಹೋಗಿ ಕೆಂಪು ಫ್ಲೋರ್ ಪೇಂಟಿನ ಡಬ್ಬ ತಂದರು. "ನಡುಮನೆ 20 ಅಡಿ ಉದ್ದ, 10 ಅಡಿ ಅಗಲ. ಲೀಟರಿಗೆ 100 ಚದರಡಿ. ಎರಡು ಕೋಟಿಗೆ 4 ಲೀಟರ್. ಒಂದು ತೊಟ್ಟೂ ಮಿಗಲ್ಲ."

"ರೀ, ಇಷ್ಟು ವರ್ಷ ಎಣ್ಣೆ ಕುಡಿದ ನೆಲ. ಬಣ್ಣ ಹಿಡಿಯುತ್ತಾ?" ಅಂದರು ದೊಡ್ಡಮ್ಮ.

"ನೀನು ಸಾರು ನೋಡ್ಕೋ."

ಟರ್ಪೆಂಟೈನಿನಲ್ಲಿ ಒಂದು ಸಲ ಒರೆಸಿದ ಶಾಸ್ತ್ರವಾಯಿತು. ಬಳಿಯುವವರು ಒಬ್ಬರೇ, ಡಬ್ಬ ಹಿಡಿಯಲು ನಾನು, ಟಾರ್ಚ್ ಬಿಡಲು ಮಗ, ಬೈಸಿಕೊಳ್ಳಲು ಇಬ್ಬರೂ. ಬ್ರಶ್ಶಿನ ಕೂದಲೊಂದು ಉದುರಿ ಬಣ್ಣದಲ್ಲಿ ಮಲಗಿತು. ಕೂಲಿಯವನಾಗಿದ್ದರೆ ಅದರ ಮೇಲೇ ಬಳಿದು ಮುಂದೆ ಹೋಗುತ್ತಿದ್ದ. ದೊಡ್ಡಪ್ಪ ಮಂಡಿಯೂರಿ, ಕನ್ನಡಕ ಮೂಗಿನ ತುದಿಗಿಳಿಸಿ, ಸೊಸೆ ಹುಬ್ಬು ಕೀಳುವ ಚಿಮಟದಿಂದ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಎತ್ತಿದ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಬಿತ್ತು. ಅದನ್ನು ಮುಚ್ಚಲು ಬ್ರಶ್ಶಾಡಿಸಿದರೆ ಇನ್ನೆರಡು ಕೂದಲು. ಎರಡನೇ ಕೋಟು ಮುಗಿಯುವಷ್ಟರಲ್ಲಿ ಮೂರನೇ ದಿನ ಕತ್ತಲಾಗಿತ್ತು.

ಆ ರಾತ್ರಿ ನಡುಮನೆಗೆ ಯಾರೂ ಕಾಲಿಡಕೂಡದು, ಎಲ್ಲರೂ ಹಿತ್ತಿಲ ಕಡೆಯಿಂದಲೇ ಓಡಾಡಬೇಕು ಅಂತ ಸುಗ್ರೀವಾಜ್ಞೆ ಹೊರಟಿತು. ಬೆಳಿಗ್ಗೆ ಎದ್ದು ನೋಡಿದರೆ, ಗೋಕುಲಾಷ್ಟಮಿಗೆ ಬರೆಯುತ್ತೇವಲ್ಲ ಕೃಷ್ಣನ ಹೆಜ್ಜೆ, ಹಾಗೆ ರೂಮಿನಿಂದ ಬಚ್ಚಲಿಗೆ ಸಾಲಾಗಿ ಹೋಗಿ ವಾಪಸು ಬಂದಿವೆ. ಕೃಷ್ಣನ ಕಾಲು ಮಾತ್ರ ಒಂಬತ್ತನೇ ನಂಬರು. ದೊಡ್ಡಪ್ಪ ಟೇಪು ಹಿಡಿದು ವಿಚಾರಣೆಗೆ ಕೂತರು. ನನ್ನ ಪಾದ ಅಳೆದರು, ಮಗನದನ್ನು ಅಳೆದರು, ಹಾಲಿನ ಹುಡುಗನನ್ನೂ ಬಿಡಲಿಲ್ಲ. ದೊಡ್ಡಮ್ಮ ಏನೂ ಅನ್ನದೆ ಟರ್ಪೆಂಟೈನಿನ ಬಟ್ಟೆ ತಂದು ಅವರ ಕಾಲ ಬಳಿ ಇಟ್ಟು ಒಳಗೆ ಹೋದರು. ದೊಡ್ಡಪ್ಪ ಬಗ್ಗಿ ತಮ್ಮ ಅಂಗಾಲು ನೋಡಿಕೊಂಡರು.

"ಸಕ್ಕರೆ ಮಾತ್ರೆ ಬದಲಾಯಿಸಿದನಲ್ಲ ಆ ಡಾಕ್ಟರು, ಅವನದೇ ತಪ್ಪು. ರಾತ್ರಿ ಎರಡು ಸಲ ಏಳೋ ಹಾಗಾಗಿದೆ."

ಮೂರು ವಾರ ನೆಲ ಕೆಂಪಗೆ ಮಿಂಚಿತು. ಬಂದವರಿಗೆಲ್ಲ ಚಪ್ಪಲಿ ಬಿಡುವ ಮೊದಲೇ ವಿವರಣೆ ಸಿಗುತ್ತಿತ್ತು. ಆಮೇಲೆ ಒಂದು ದಿನ ಉಯ್ಯಾಲೆಯ ಪಕ್ಕದಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಮೊಮ್ಮಗಳು ಉಗುರು ಹಾಕಿ ಎಳೆದಳು. ಅಂಗೈಯಗಲ ಪದರ ಇಡಿಯಾಗಿ ಎದ್ದು ಬಂತು. ಕೆಳಗೆ ಅಜ್ಜಿಯ ನೆಲ, ಎಣ್ಣೆ ಹೊಳಪಿನ ಸಮೇತ, ಇದ್ದ ಹಾಗೇ ಇತ್ತು.

ದೊಡ್ಡಪ್ಪ ಆ ಸಿಪ್ಪೆಯನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅದಕ್ಕೇ ಹೇಳೋದು, ಕೆಲಸದವರು ಸರಿ ಇಲ್ಲ ಅಂತ."

ನಾನು ಮೆಲ್ಲಗೆ ಕೇಳಿದೆ: "ಯಾರು ದೊಡ್ಡಪ್ಪ?"

"ಇನ್ಯಾರೋ? 1962ರ ಗಾರೆಯವನು. ನೆಲಾನ ಈ ಪಾಟಿ ನುಣುಪು ಮಾಡಿಟ್ಟರೆ ಬಣ್ಣ ಎಲ್ಲಿ ಹಿಡಿಯುತ್ತೆ?"