ಫಲಕಪ್ರಾಧಾನ್ಯ ಮೀಮಾಂಸೆ: ಮುಧೋಳ ಸೀಮೆಯಲ್ಲಿ ಚಿತ್ರ ಮಾರುವ ಶಾಸ್ತ್ರ

ಚಿತ್ರ ಮಾರಾಟವಾಗುವುದು ಚಿತ್ರದಿಂದಲ್ಲ, ಅದರ ಪಕ್ಕದ ಬೋರ್ಡಿನಿಂದ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಇದನ್ನು ಇನ್ನು ಮುಂದೆ ಫಲಕಪ್ರಾಧಾನ್ಯ ಸಿದ್ಧಾಂತ ಎಂದು ಕರೆಯಲಾಗುವುದು. ಹೆಸರು ಭಾರವಾಯಿತು ಎನ್ನುವವರು ಸಿದ್ಧಾಂತಕ್ಕೂ ಒಂದು ಬೋರ್ಡು ಬೇಕಾಗುತ್ತದೆ ಎಂಬುದನ್ನು ಗಮನಿಸಬೇಕು. ನಮ್ಮ ಕಲಾವಿದರು ಬಣ್ಣ ಕಲಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಹೆಸರು, ಊರು, ಅಳತೆ, ದರ, ಪರಿಚಯ ಬರೆಯುವ ಹೊತ್ತಿಗೆ ಸುಸ್ತಾಗಿ ಮೊಬೈಲಿನಲ್ಲಿ ಎರಡು ಸಾಲು ಒತ್ತಿ ಕೈತೊಳೆದುಕೊಳ್ಳುತ್ತಾರೆ. ಶಾಸ್ತ್ರದ ಪ್ರಕಾರ ಇದು ಕ್ರಮಭಂಗ. ಮೊದಲು ಬೋರ್ಡು, ಆಮೇಲೆ ಸಮಯ ಉಳಿದರೆ ಚಿತ್ರ. ಈ ಮಾತನ್ನು ಸಾಧಿಸಲು ನಾವು ಆರಿಸಿಕೊಂಡ ಕ್ಷೇತ್ರ ಸೇಡಂ ತಾಲೂಕಿನ ಮುಧೋಳ ಮತ್ತು ಅದರ ಸುತ್ತಿನ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಬೇರೆ ಕಡೆ ಬೋರ್ಡು ಬರೆಯುವವರು ತಗಡು, ಫ್ಲೆಕ್ಸು ಹುಡುಕಿಕೊಂಡು ಹೋಗಬೇಕು. ಇಲ್ಲಿ ಭೂಮಿಯೇ ಕಲ್ಲನ್ನು ಪದರ ಪದರವಾಗಿ, ಬರೆಯಲು ತಯಾರಾದ ಹಾಳೆಗಳ ಕಟ್ಟಿನಂತೆ ಮಡಗಿಟ್ಟಿದೆ. ಹೀಗೆ ನಿಸರ್ಗವೇ ಬೋರ್ಡಿನ ಪಕ್ಷ ವಹಿಸಿರುವಾಗ ಪ್ರಬಂಧಕಾರರು ತಟಸ್ಥರಾಗಿ ಉಳಿಯುವುದು ಕಷ್ಟ.

ಮೊದಲ ಪ್ರಮಾಣ ಚಿತ್ತಾಪುರ ತಾಲೂಕಿನ ಕನಗನಹಳ್ಳಿಯದು. ಭೀಮಾ ನದಿಯ ದಂಡೆಯಲ್ಲಿ, ಸನ್ನತಿಯ ಹತ್ತಿರ, 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದಾಗ ಒಂದು ದೊಡ್ಡ ಬೌದ್ಧ ಸ್ತೂಪದ ಅವಶೇಷಗಳು, ಸುಣ್ಣಕಲ್ಲಿನ ಕೆತ್ತನೆಯ ಫಲಕಗಳ ರಾಶಿಯೇ ಹೊರಬಂದವು. ಅವುಗಳಲ್ಲೊಂದರಲ್ಲಿ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಸುತ್ತ ಕೊಡೆ ಚಾಮರ ಹಿಡಿದ ಪರಿಚಾರಿಕೆಯರು. ರಾಜ ಚೆನ್ನಾಗಿಯೇ ಇದ್ದಾನೆ, ಅಡ್ಡಿಯಿಲ್ಲ. ಆದರೆ ಆ ಕಾಲದ ಶಿಲ್ಪದಲ್ಲಿ ಚೆನ್ನಾಗಿರುವ ರಾಜರಿಗೇನು ಬರವೇ? ಸಾಂಚಿಯಲ್ಲಿದ್ದಾರೆ, ಅಮರಾವತಿಯಲ್ಲಿದ್ದಾರೆ, ಕೊಡೆ ಚಾಮರ ಅವರಿಗೂ ಇವೆ. ಕನಗನಹಳ್ಳಿಯ ಈ ಒಬ್ಬನಿಗಾಗಿ ಜಗತ್ತಿನ ಇತಿಹಾಸಕಾರರೆಲ್ಲ ವಾಡಿ ಸ್ಟೇಷನ್ನಿನಲ್ಲಿ ಇಳಿದು ಜೀಪು ಹುಡುಕುವಂತಾದದ್ದು ಬ್ರಾಹ್ಮಿ ಲಿಪಿಯ ಎರಡು ಮಾತಿನಿಂದ: ‘ರಾಯ ಅಸೋಕೋ’. ಅಶೋಕ ತೀರಿಕೊಂಡು ತಲೆಮಾರುಗಳು ಕಳೆದ ಮೇಲೆ ಕೆತ್ತಿದ್ದು ಇದು, ಶಿಲ್ಪಿ ಅವನ ಮುಖ ನೋಡಿದವನೇ ಅಲ್ಲ. ಮೂಗು ಹೋಲುತ್ತದೆಯೇ, ಗಲ್ಲ ಹೋಲುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಕೇಳುವಂತೆಯೂ ಇಲ್ಲ. ಬೋರ್ಡು ಹೇಳಿತು, ಜಗತ್ತು ಒಪ್ಪಿತು. ಸಾತವಾಹನ ದೊರೆಗಳಿಗೂ ಅಲ್ಲಿ ಹೆಸರು ಕೊರೆದ ಫಲಕಗಳಿವೆ. ಜಾತಕ ಕತೆಗಳ ದೃಶ್ಯಗಳಿಗೂ ಶೀರ್ಷಿಕೆಗಳಿವೆ. ಇವಕ್ಕೆಲ್ಲ ಹಣ ಕೊಟ್ಟ ದಾನಿಗಳು ತಮ್ಮ ಹೆಸರನ್ನು ಮರೆಯದೆ ಹಾಕಿಸಿದ್ದಾರೆ. ಚಿತ್ರ, ಶೀರ್ಷಿಕೆ, ಪ್ರಾಯೋಜಕರು: ವೃತ್ತಿಪರ ಪ್ರದರ್ಶನಕ್ಕೆ ಬೇಕಾದ ಮೂರೂ ಅಂಗಗಳು ಭೀಮಾ ದಂಡೆಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಸಿದ್ಧವಾಗಿದ್ದವು. ‘ರಾಯ ಅಸೋಕೋ’ ಪಕ್ಕದಲ್ಲಿ ಕೆತ್ತಿದವನ ಹೆಸರು ಮಾತ್ರ ಇಲ್ಲ. ಈ ಕೊರತೆಯನ್ನು ಕೆಲವರು ವಿನಯ ಎನ್ನುತ್ತಾರೆ. ಸಿದ್ಧಾಂತದ ದೃಷ್ಟಿಯಲ್ಲಿ ಅದು ಶುದ್ಧ ವ್ಯಾಪಾರ ನಷ್ಟ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಟೀಕಾಚಾರ್ಯರೆಂದೇ ಖ್ಯಾತರಾದ ಜಯತೀರ್ಥರ ಮಳಖೇಡ ಇದೇ ಸೇಡಂ ತಾಲೂಕಿನಲ್ಲಿರುವುದರಿಂದ ಪೂರ್ವಪಕ್ಷವಿಲ್ಲದ ಗ್ರಂಥ ಈ ಸೀಮೆಯಲ್ಲಿ ಹುಟ್ಟುವುದು ಶೋಭೆಯಲ್ಲ. ಎದುರಾಳಿ ಹೇಳುತ್ತಾನೆ: ಬರೀ ಬೋರ್ಡೇ ಸಾಕಾಗಿದ್ದರೆ ಸನ್ನತಿಯಲ್ಲಿ ಅಶೋಕ ಹಾಕಿಸಿದ ಬೋರ್ಡಿನ ಗತಿ ಏನಾಯಿತು? ಅವನ ಶಾಸನದ ಹಾಸುಗಲ್ಲಿನಲ್ಲಿ ಒಂದು ಗೆರೆಯ ಚಿತ್ರವೂ ಇರಲಿಲ್ಲ, ಬರೀ ಉಪದೇಶ. ಮುಂದಿನವರು ಅದಕ್ಕೆ ನಡುವೆ ತೂತು ಕೊರೆದು ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠ ಮಾಡಿಕೊಂಡರು. ಓದುವವರಿಲ್ಲದ ಬೋರ್ಡು ಕಡೆಗೆ ಮೂರ್ತಿಯ ಕಾಲಡಿ ಸೇರಿತಲ್ಲ? ಆಕ್ಷೇಪ ಗಟ್ಟಿಯಾಗಿಯೇ ಇದೆ. ಆದರೆ ಎದುರಾಳಿ ಕತೆಯನ್ನು 1986ಕ್ಕೆ ಮೊದಲೇ ನಿಲ್ಲಿಸಿಬಿಟ್ಟ. ಆ ವರ್ಷ ಕಾಳಿ ಗುಡಿಯ ಚಾವಣಿ ಕುಸಿಯಿತು, ಮೂರ್ತಿಗೆ ಪೆಟ್ಟಾಯಿತು, ಅಡಿಯಲ್ಲಿದ್ದ ಬರಹ ಮೇಲೆ ಬಂತು. ಸನ್ನತಿ ದೇಶದ ಅಶೋಕ ಶಾಸನಗಳ ನಕಾಶೆಗೆ ಸೇರಿದ್ದು ಆಗಲೇ. ಒಳ್ಳೆಯ ಬೋರ್ಡು ಗಿರಾಕಿಗಾಗಿ ಸಾವಿರಾರು ವರ್ಷ ಕಾಯಬಲ್ಲದು ಎಂದಷ್ಟೇ ಇದರಿಂದ ತಿಳಿಯಬೇಕು. ಚಿತ್ತಾಪುರದ ಪಕ್ಕದ ನಾಗಾವಿಯೂ ಇದಕ್ಕೆ ಸಾಕ್ಷಿ: 11ನೇ ಶತಮಾನದ ಘಟಿಕಾಸ್ಥಾನದ ವಿದ್ಯಾರ್ಥಿಗಳ ಗದ್ದಲ ಅಡಗಿ ಯಾವ ಕಾಲವಾಯಿತೋ, ಅಲ್ಲಿ ಏನೇನು ಕಲಿಸುತ್ತಿದ್ದರು, ಗ್ರಂಥಭಂಡಾರ ನೋಡಿಕೊಳ್ಳಲು ಯಾರಿದ್ದರು ಎಂದು ಸಾರುವ ಶಾಸನ ಮಾತ್ರ ಇನ್ನೂ ಪ್ರವೇಶಾತಿಗೆ ಕರೆಯುತ್ತಿರುವ ಹಾಗಿದೆ.

ಕಾಗಿಣಾ ದಂಡೆಯ ಮಳಖೇಡಕ್ಕೆ ಬಂದರೆ ಬೋರ್ಡಿನ ಶಾಸ್ತ್ರ ಸೂಕ್ಷ್ಮವಾಗುತ್ತದೆ. 9ನೇ ಶತಮಾನದಲ್ಲಿ ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಬರೆದವನು ಶ್ರೀವಿಜಯನೋ ನೃಪತುಂಗನೋ ಎಂದು ವಿದ್ವಾಂಸರು ಬಹಳ ಕಾಲ ಜಗಳವಾಡಿದರು. ಜಗಳಕ್ಕೆ ಕಾರಣ ಒಂದೇ: ಕೃತಿ ರಾಜನ ಸಮ್ಮತಿ ಪಡೆದದ್ದು ಎಂದು ತಾನೇ ಹೇಳಿಕೊಳ್ಳುತ್ತದೆ. ಇವತ್ತು ಬನಿಯನ್ ಪೆಟ್ಟಿಗೆಯ ಮೇಲೆ ಕ್ರಿಕೆಟ್ ಆಟಗಾರ ನಗುವುದೂ ಇದೇ ತತ್ತ್ವ. ಬನಿಯನ್ ಅವನು ಹೊಲಿದದ್ದಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಅಂಗಡಿಯಲ್ಲಿ ಅವನ ಹೆಸರು ಹೇಳಿಯೇ ಕೇಳುತ್ತೇವೆ. ಮುಂದಿನ ಶತಮಾನದಲ್ಲಿ ಇದೇ ಗಾದಿಯ ದೊರೆ ಮೂರನೆಯ ಕೃಷ್ಣ ಕವಿ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ. ಎರಡು ಭಾಷೆಯಲ್ಲಿ ಚಕ್ರವರ್ತಿ! ಪೊನ್ನನ ಬಿರುದು ಬಾಯಿಪಾಠವಿದ್ದು ಅವನ ಒಂದು ಪದ್ಯವೂ ನೆನಪಿಲ್ಲದ ಕನ್ನಡ ವಿದ್ಯಾರ್ಥಿಗಳ ಸಂಖ್ಯೆಯನ್ನು ಯಾರೂ ಎಣಿಸಿಲ್ಲ, ಎಣಿಸಿದರೆ ನಮ್ಮ ಸಿದ್ಧಾಂತಕ್ಕೆ ಬೇರೆ ಪ್ರಮಾಣ ಬೇಕಾಗುವುದಿಲ್ಲ.

ಎರಡನೆಯ ಪೂರ್ವಪಕ್ಷ ಊರ ಕಟ್ಟೆಯದು, ಶಾಸ್ತ್ರದ್ದಲ್ಲ. “ಮಾಲ್ ಚಂದ ಇದ್ರ ತಾನ ಮಾರ್ತದ ಬಿಡ್ರಿ, ಬೋರ್ಡ್ ಯಾಕ್ ಬೇಕು? ನಮ್ಮ ಶಾಬಾದಿ ಫರಸಿಗಿ ಯಾರ್ ಬೋರ್ಡ್ ಹಾಕ್ಯಾರ?” ಎಂಬ ಈ ವಾದ ಎಷ್ಟು ಸಹಜವಾಗಿ ಕೇಳಿಸುತ್ತದೋ ಅಷ್ಟೇ ಪೊಳ್ಳು. ಪುಣೆ, ಮುಂಬಯಿಯ ಹಳೆಯ ಮನೆಗಳ ನೆಲಕ್ಕೆಲ್ಲ ಹಾಸಿದ್ದು ಶಹಾಬಾದಿ ಫರಸಿಯೇ ನಿಜ. ಆದರೆ ಅದರಲ್ಲಿ ಎಷ್ಟೋ ಕಲ್ಲು ಚಿತ್ತಾಪುರ, ಸೇಡಂ ಕಡೆಯ ಖಣಿಗಳಲ್ಲಿ ಎಬ್ಬಿಸಿದ್ದು. ಕಲ್ಲು ಎಲ್ಲಿಯದೇ ಆಗಲಿ, ಹೆಸರು ಶಹಾಬಾದಿನದು. ಊರಿನ ಹೆಸರೇ ಅಲ್ಲಿ ಬೋರ್ಡು. ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವ ಅದೇ ಸುಣ್ಣಕಲ್ಲಿನ ಹಾಸು ಗಡಿ ದಾಟಿ ತೆಲಂಗಾಣಕ್ಕೆ ಹೋದ ಕೂಡಲೇ ತಾಂಡೂರು ಕಲ್ಲಾಗುತ್ತದೆ. ನೆಲದೊಳಗಿನ ಪದರಕ್ಕೆ ರಾಜ್ಯದ ಗಡಿ ಗೊತ್ತಿಲ್ಲ, ಬೋರ್ಡಿಗೆ ಗೊತ್ತು. ತೊಗರಿಯ ಕತೆಯೂ ಇದೇ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2022ರಲ್ಲಿ ತಾಂಡೂರಿನ ತೊಗರಿಗೂ ಬಂತು. ಸೇಡಂ ಕಡೆಯಿಂದ ತಾಂಡೂರಿಗೆ ಹೋಗುವವನು ಎರಡು ಬದಿಗೂ ತೊಗರಿ ಹೊಲ ನೋಡುತ್ತ ಹೋಗುತ್ತಾನೆ, ಗಿಡ ಬದಲಾದದ್ದು ಅವನಿಗೆ ಕಾಣುವುದಿಲ್ಲ. ಎರಡು ಬೋರ್ಡಿಗೂ ಸರಕಾರದ ಮುದ್ರೆ ಇದೆ ಎಂದ ಮೇಲೆ ಬೋರ್ಡು ಸುಳ್ಳಾಗುವುದಾದರೂ ಹೇಗೆ?

ಕಲ್ಲು, ತೊಗರಿ ಬಿಡಿ, ಅವಕ್ಕೆ ಕನಿಷ್ಠ ಬಣ್ಣವಾದರೂ ಇದೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಇದೇ ಸುಣ್ಣಕಲ್ಲನ್ನು ಸುಟ್ಟು ಅರೆದು ಸಿಮೆಂಟು ಮಾಡುತ್ತವೆ. ಆ ಬೂದುಪುಡಿಯನ್ನು ಚೀಲ ತೆಗೆದು ಅಂಗೈಯಲ್ಲಿ ಹಾಕಿಕೊಟ್ಟರೆ ಯಾವ ಕಂಪನಿಯದೆಂದು ಮೂವತ್ತು ವರ್ಷ ಗೋಡೆ ಕಟ್ಟಿದ ಗೌಂಡಿಗೂ ಹೇಳಲು ಬಾರದು. ಅವನು ಓದುವುದು ಚೀಲವನ್ನು. ಸೇಡಂನಲ್ಲಿ ದಶಕಗಳ ಕಾಲ ನಡೆದ ಕಾರ್ಖಾನೆಗೆ ವಾಸವದತ್ತಾ ಎಂಬ ಹೆಸರಿತ್ತು. ಭಾಸನ ನಾಟಕದ ನಾಯಕಿಯ ಹೆಸರು ಸಿಮೆಂಟಿಗೆ ಒಪ್ಪುವುದಾದರೆ ಚಿಂಚೋಳಿ ಕಡೆಯ ಒಂದು ನಿಸರ್ಗಚಿತ್ರಕ್ಕೆ ‘ಚಂದ್ರಂಪಳ್ಳಿಯ ಸಂಜೆ’ ಎಂದು ಹೆಸರಿಡಲು ನಮ್ಮ ಕಲಾವಿದರು ಯಾಕೆ ಹಿಂಜರಿಯಬೇಕೋ ತಿಳಿಯದು. ‘ಚಿತ್ರ 4’ ಎಂದು ಬರೆಯುತ್ತಾರೆ, ಆಮೇಲೆ ಯಾರೂ ಕೊಳ್ಳಲಿಲ್ಲ ಎನ್ನುತ್ತಾರೆ.

ಕಲೆಗೆ ಬೋರ್ಡು ಹಚ್ಚುವುದು ಕಲೆಯ ಮರ್ಯಾದೆಗೆ ಕಡಿಮೆ ಎಂಬುದು ಮೂರನೆಯ ಆಕ್ಷೇಪ. ಇದನ್ನು ಎತ್ತುವವರು ಸಾಮಾನ್ಯವಾಗಿ ತಿಂಗಳ ಸಂಬಳದವರು. ಅವರಿಗೆ ಉತ್ತರ 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಎಸ್.ಎಂ. ಪಂಡಿತ. ಸಿನಿಮಾ ಪ್ರಚಾರದ ಚಿತ್ರ, ಪತ್ರಿಕೆಯ ಮುಖಪುಟ, ಕ್ಯಾಲೆಂಡರ್ ಯಾವುದನ್ನೂ ಅವರು ಕೀಳೆನ್ನಲಿಲ್ಲ. ಅವರ ದೇವದೇವತೆಗಳು, ಪುರಾಣದ ನಾಯಕಿಯರು ಕ್ಯಾಲೆಂಡರಿನ ಮೇಲೆ ಕೂತು ದೇಶದ ಮನೆಮನೆ ಹೊಕ್ಕರು. ಕಲಬುರಗಿಯ ರಂಗಮಂದಿರಕ್ಕೆ ಇವತ್ತು ಅವರದೇ ಹೆಸರು. ಕ್ಯಾಲೆಂಡರನ್ನು ಹತ್ತಿರದಿಂದ ನೋಡಿದರೆ ನಮ್ಮ ಸಿದ್ಧಾಂತಕ್ಕೆ ಒಂದು ಗಂಡಾಂತರ ಕಾದಿರುವುದು ಗೊತ್ತಾಗುತ್ತದೆ. ಮೇಲೆ ಚಿತ್ರ, ಕೆಳಗೆ ಕಂಪನಿಯ ಹೆಸರು, ಅದರಡಿ ತಾರೀಖಿನ ಹಾಳೆಗಳು. ವರ್ಷ ಮುಗಿದ ಮೇಲೆ ಮನೆಯವರು ಕತ್ತರಿ ಹಿಡಿದು ತಾರೀಖು ತೆಗೆದರು, ಕಂಪನಿಯ ಹೆಸರನ್ನೂ ಕತ್ತರಿಸಿದರು, ಉಳಿದ ಚಿತ್ರಕ್ಕೆ ಗಾಜು ಹಾಕಿಸಿ ದೇವರ ಕೋಣೆಯಲ್ಲಿಟ್ಟರು. ದುಡ್ಡು ಕೊಟ್ಟ ಬೋರ್ಡೇ ಬಿದ್ದುಹೋಯಿತು, ಪುಕ್ಕಟೆ ಬಂದ ಚಿತ್ರ ಉಳಿಯಿತು! ಇಲ್ಲಿ ಸಿದ್ಧಾಂತ ಸೋತಂತೆ ಕಾಣುತ್ತದೆ. ಆದರೆ ಗಾಜಿನೊಳಗೆ, ದೇವಿಯ ಪಾದದ ಬಳಿಯ ಮೂಲೆಯಲ್ಲಿ, ಕುಂಚದ ತುದಿಯಿಂದ ಬರೆದ ‘ಎಸ್.ಎಂ. ಪಂಡಿತ್’ ಇದೆ, ಅದಕ್ಕೂ ಕುಂಕುಮ ಬಿದ್ದಿದೆ. ಕತ್ತರಿ ಅಲ್ಲಿಗೆ ಮುಟ್ಟಲಿಲ್ಲ, ಮುಟ್ಟಿದರೆ ದೇವಿಯ ಬೆರಳು ಹೋಗುತ್ತಿತ್ತು. ಆದ್ದರಿಂದ ಸಿದ್ಧಾಂತವನ್ನು ಕೈಬಿಡುವುದು ಬೇಡ, ತಿದ್ದಿದರೆ ಸಾಕು: ಬೋರ್ಡು ಚಿತ್ರದ ಹೊರಗಿದ್ದರೆ ಕತ್ತರಿಯ ಪಾಲು, ಒಳಗಿದ್ದರೆ ಪೂಜೆಯ ಪಾಲು. ಕನಗನಹಳ್ಳಿಯ ಶಿಲ್ಪಿಗೆ ಈ ತಿದ್ದುಪಡಿ ತಿಳಿದಿದ್ದರೆ ಇವತ್ತು ಅವನ ಹೆಸರಿನಲ್ಲೂ ಒಂದು ರಂಗಮಂದಿರವಿರುತ್ತಿತ್ತು.

ಇನ್ನು ಬೋರ್ಡು ವೃತ್ತಿಪರವಾಗಿ ಕಾಣುವ ಬಗೆ. ಪ್ರಚಲಿತ ಸಂಪ್ರದಾಯದಂತೆ ಕಲಾವಿದ ಗಲ್ಲಕ್ಕೆ ಕೈಕೊಟ್ಟು, ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುವ ಫೋಟೋ ಹಾಕುತ್ತಾನೆ, ಕೆಳಗೆ ‘ಅಸ್ತಿತ್ವದ ಅನಂತ ಶೋಧ’ದ ಬಗ್ಗೆ ಒಂದು ಪುಟ ಬರೆಯುತ್ತಾನೆ, ದರದ ಜಾಗದಲ್ಲಿ ‘ಸಂಪರ್ಕಿಸಿ’ ಎಂದಷ್ಟೇ ಇರುತ್ತದೆ. ಕಡೆಯದು ಈ ಸೀಮೆಗೆ ಪೂರ್ತಿ ಪರಕೀಯ ಪದ್ಧತಿ. ಸೇಡಂನ ಎಪಿಎಂಸಿಯಲ್ಲಿ ತೊಗರಿ ರಾಶಿಯ ಮುಂದೆ ನಿಂತು ಯಾರೂ ‘ದರಕ್ಕೆ ಸಂಪರ್ಕಿಸಿ’ ಎನ್ನುವುದಿಲ್ಲ, ದರ ಎಲ್ಲರಿಗೂ ತಿಳಿಯುವಂತೆಯೇ ತೀರ್ಮಾನವಾಗುತ್ತದೆ. ಫರಸಿಯವನೂ ಪಾಲಿಶ್ ಮಾಡಿದ್ದಕ್ಕೆ ಇಷ್ಟು, ಮಾಡದ್ದಕ್ಕೆ ಇಷ್ಟು ಎಂದು ಚದರ ಅಡಿಯ ಲೆಕ್ಕ ಒಪ್ಪಿಸುತ್ತಾನೆ. ಹಾಗಾದರೆ ಚಿತ್ರವನ್ನೂ ಚದರ ಅಡಿಗೆ ಮಾರಬೇಕೆ ಎಂದು ಕಲಾವಿದರು ಸಿಟ್ಟಾಗಬಹುದು. ಲೆಕ್ಕ ಯಾವುದಾದರೂ ಇರಲಿ, ಅಂಕಿ ಕಾಣಬೇಕು. ಅಂಕಿಯಿಲ್ಲದ ಬೋರ್ಡು ನೋಡಿದ ಈ ಕಡೆಯ ಗಿರಾಕಿ ‘ಭಾರೀ ತುಟ್ಟಿ ಇರಬೇಕು’ ಎಂದುಕೊಂಡು ಪಕ್ಕದ ಫೋಟೋ ಫ್ರೇಮಿನ ಅಂಗಡಿಗೆ ನಡೆದುಬಿಡುತ್ತಾನೆ.

ಊರಿನ ಹೆಸರಿನದೇ ನಿಜವಾದ ತೊಡಕು, ಇಲ್ಲಿ ಮುಧೋಳದ ಕಲಾವಿದನ ಪಾಡು ಯಾರಿಗೂ ಬೇಡ. ಶಹಾಬಾದಿನವನಿಗೆ ಕಲ್ಲು ಹೆಸರು ತಂದುಕೊಟ್ಟಿದೆ, ವಾಡಿಯವನಿಗೆ ರೈಲ್ವೆ ಜಂಕ್ಷನ್. ಸೇಡಂ ತಾಲೂಕಿನ ಮುಧೋಳದವನು ತನ್ನ ಊರಿನ ಹೆಸರು ಬರೆದ ಕೂಡಲೇ ಬಾಗಲಕೋಟೆ ಜಿಲ್ಲೆಯ ಮುಧೋಳ ಮುಂದೆ ಬಂದು ನಿಲ್ಲುತ್ತದೆ, ಒಂದು ಪಕ್ಕದಲ್ಲಿ ಕವಿ ರನ್ನ, ಇನ್ನೊಂದು ಪಕ್ಕದಲ್ಲಿ ನಾಯಿ. ಆ ನಾಯಿಗೆ 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಚೀಟಿಯೇ ಬಂದಿದೆ. ಅದರೊಂದಿಗೆ ಸ್ಪರ್ಧಿಸಲು ಜಲವರ್ಣದ ಕಾಗಿಣಾ ನದಿ ಸಾಲದು. ಇದು ಸಾಲದೆಂಬಂತೆ ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿ, ಬಾಸರ ಸರಸ್ವತಿಯ ನೆರೆಯಲ್ಲಿ, ಮೂರನೆಯದೊಂದು ಮುಧೋಳ ಇದೆ. ಊರಿನ ಹೆಸರು ಬಿಟ್ಟುಬಿಡಲಿ ಎಂದು ಕೆಲವರ ಸಲಹೆ. ಸಿದ್ಧಾಂತ ಅದನ್ನು ಒಪ್ಪದು: ಬೇಳೆಗೂ ಕಲ್ಲಿಗೂ ಊರೇ ಬೆಲೆ ತಂದಿರುವಾಗ ಚಿತ್ರಕ್ಕೆ ಮಾತ್ರ ಅನಾಥಪಟ್ಟ ಕಟ್ಟುವುದು ಯಾವ ನ್ಯಾಯ? ಗೊಂದಲವನ್ನೇ ದುಡಿಸಿಕೊಳ್ಳುವುದು ಜಾಣತನ. ನಾಯಿ ಹುಡುಕಿಕೊಂಡು ಬರುವ ಗಿರಾಕಿಯ ಜೇಬಿನಲ್ಲಿ ದುಡ್ಡಿರುತ್ತದೆ, ಗೋಡೆಯೂ ಅವನ ಮನೆಯಲ್ಲಿ ಇದ್ದೇ ಇರುತ್ತದೆ. ಹೀಗಾಗಿ ನಮ್ಮ ಕಲಾವಿದನ ಬೋರ್ಡಿನ ಅಧಿಕೃತ ಪಾಠವನ್ನು ಈ ಪ್ರಬಂಧ ಹೀಗೆ ನಿರ್ಣಯಿಸುತ್ತದೆ: ಮೊದಲ ಸಾಲಿನಲ್ಲಿ ದಪ್ಪಕ್ಷರದ ಹೆಸರು, ಎರಡನೆಯದರಲ್ಲಿ ‘ಮುಧೋಳ, ತಾ. ಸೇಡಂ, ಜಿ. ಕಲಬುರಗಿ’, ಮೂರನೆಯದರಲ್ಲಿ ಅಳತೆ ಮತ್ತು ದರ, ನಾಲ್ಕನೆಯದರಲ್ಲಿ ‘ನಾಯಿ ಸಿಗುವುದಿಲ್ಲ, ನಾಯಿಯ ಚಿತ್ರ ಬರೆದುಕೊಡಲಾಗುವುದು, ಮುಂಗಡ ಅರ್ಧ’.