ಎದುರಿಗೆ ಕೂರುವವರು ಬೇಕಾಗಿದ್ದಾರೆ

ನಮ್ಮ ಬಡಾವಣೆಯಲ್ಲಿ ಚೆಸ್ ರಾಯರು ಅಂದರೆ ಆಟೋ ಸ್ಟ್ಯಾಂಡಿನವರಿಗೂ ಗೊತ್ತು. ಬ್ಯಾಂಕಿನಿಂದ ನಿವೃತ್ತರು. ಹೆಗಲಿಗೆ ಸದಾ ಒಂದು ಬಟ್ಟೆ ಚೀಲ. ಸುರುಳಿ ಸುತ್ತಿದ ರೆಕ್ಸಿನ್ ಬೋರ್ಡು ಅದರೊಳಗಿಂದ ತಲೆ ಹೊರಗೆ ಹಾಕಿರುತ್ತದೆ. ಅದರಡಿ ಕಾಯಿಗಳ ಡಬ್ಬ, ನಡೆದರೆ ಗಲಗಲ ಅನ್ನುತ್ತದೆ. ತಿರುವಿನಲ್ಲಿ ಆ ಸದ್ದು ಕೇಳಿಸಿತೋ, ಚೆಸ್ ಬಲ್ಲವರು ಎದುರಿನ ಫುಟ್‌ಪಾತಿಗೆ ದಾಟಿಬಿಡುತ್ತಾರೆ. ಆಟ ಬಾರದವರು ಮಾತ್ರ ಧೈರ್ಯವಾಗಿ ನಿಂತು ಕಾಫಿ ಆಯ್ತಾ ಅಂತ ಕೇಳುತ್ತಾರೆ.

ಮೊಬೈಲಿನಲ್ಲಿ ಆಡಬಾರದೇ ಅಂದವರಿಗೆ ರಾಯರ ಉತ್ತರ ಸಿದ್ಧವಿದೆ. "ಅದರಲ್ಲಿ ಎದುರಿಗಿರೋನ ಮುಖ ಕಾಣಲ್ಲ ರೀ. ಮಂತ್ರಿ ಹೊಡೆದಾಗ ಅವನ ಮುಖ ನೋಡದೆ ಇದ್ದರೆ ಹೊಡೆದು ಏನು ಸುಖ?" ಹೀಗಾಗಿ ಅವರಿಗೆ ಜಾಗ ಬೇಕು. ಇಷ್ಟು ದೊಡ್ಡ ಬೆಂಗಳೂರಲ್ಲಿ ನೆಟ್ಟಗೆ ಕೂತು ಒಂದಾಟ ಚೆಸ್ ಆಡಲಿಕ್ಕೆ ಜಾಗವಿಲ್ಲ ಅನ್ನುವುದು ಅವರ ನಿತ್ಯದ ಅಹವಾಲು. ಬಡಾವಣೆಗೆ ಹೊಸ ಬಾಡಿಗೆದಾರರು ಬಂದರೆ ಊರು ಯಾವುದು, ಕೆಲಸ ಎಲ್ಲಿ ಆದ ಮೇಲೆ ಮೂರನೆಯ ಪ್ರಶ್ನೆ, "ಚೆಸ್ ಬರುತ್ತಾ?"

ಬೇರೆ ಊರುಗಳ ಭಾಗ್ಯವನ್ನು ವರ್ಣಿಸಲು ಕೂತರೆ ರಾಯರಿಗೆ ಹೊತ್ತು ಹೋದದ್ದೇ ತಿಳಿಯದು. ಕೋಲ್ಕತ್ತದ ಗರಿಯಾಹಾಟ್ ಫ್ಲೈಓವರ್ ಕೆಳಗೆ ಸಂಜೆಯಾದರೆ ಬೋರ್ಡು ಹಾಸಿ ಕೂರುತ್ತಾರಂತೆ. ಮೇಲೆ ಬಸ್ಸು, ಕೆಳಗೆ ಚೆಸ್ಸು. ಇದನ್ನು ಓದಿದ ದಿನವೇ ರಾಯರು ನಮ್ಮ ಫ್ಲೈಓವರ್ ಕೆಳಗೆ ಹೋಗಿ ಸ್ಥಳ ಪರೀಕ್ಷೆ ಮಾಡಿಬಂದರು. ಅಲ್ಲಿ ಪಾರ್ಕಿಂಗ್ ನೋಡಿಕೊಳ್ಳುವ ಹುಡುಗ "ಗಾಡಿ ಯಾವುದು ಸಾರ್?" ಅಂತ ಕೇಳಿ ಇವರ ಉತ್ಸಾಹಕ್ಕೆ ತಣ್ಣೀರೆರಚಿದ. ಇನ್ನು ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ತಾಲ್ ಚೆಸ್ ಕ್ಲಬ್ಬಿನ ಹೆಸರೆತ್ತಿದರೆ ಧ್ವನಿಯೇ ಗದ್ಗದ. ವಿಶ್ವನಾಥನ್ ಆನಂದ್ ಹುಡುಗನಾಗಿದ್ದಾಗ ಪಳಗಿದ್ದು ಅಲ್ಲೇ. 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು ಆಮೇಲೆ. ಅಲ್ಲಿನ ಪದ್ಧತಿ ಎಂದರೆ ಗೆದ್ದವನು ಕೂತಲ್ಲೇ ಕೂತಿರಬೇಕು, ಸೋತವನು ಎದ್ದು ಸಾಲಿನ ಕೊನೆಗೆ ಹೋಗಬೇಕು. "ಅಂಥ ಕ್ಲಬ್ಬು ಇಲ್ಲಿ ಒಂದಿದ್ದಿದ್ದರೆ..." ಎಂದು ರಾಯರು ನಿಟ್ಟುಸಿರು ಬಿಡುತ್ತಾರೆ. ಇದ್ದಿದ್ದರೆ ಅವರು ಸಂಜೆಯಿಡೀ ನಿಂತೇ ಇರಬೇಕಾಗುತ್ತಿತ್ತು ಎಂದು ಬಲ್ಲವರು ಹೇಳುತ್ತಾರೆ.

ಹಾಗಂತ ಅವರ ಹುಡುಕಾಟ ಬಾಯಿಮಾತಿನದಲ್ಲ. ದರ್ಶಿನಿಗಳನ್ನು ಮೊದಲೇ ಪಟ್ಟಿಯಿಂದ ಹೊಡೆದುಹಾಕಿದ್ದಾರೆ. ನಿಂತು ಇಡ್ಲಿ ತಿನ್ನಬಹುದು, ನಿಂತು ಎಂಡ್‌ಗೇಮ್ ಆಡಲಾಗದು. ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಬೋರ್ಡು ಸಮ ನಿಲ್ಲುವುದಿಲ್ಲ, ಒಂಟೆ ಆನೆಗೆ ಒರಗಿಕೊಳ್ಳುತ್ತದೆ. ಮೇಲಾಗಿ ನೆಲಕ್ಕೆ ಕೂತ ರಾಯರನ್ನು ಎಬ್ಬಿಸಲು ಇಬ್ಬರು ಬೇಕು. ಬೋರ್ಡ್‌ಗೇಮ್ ಕೆಫೆಯಲ್ಲಿ ಕುರ್ಚಿ ಮೇಜು ಎಲ್ಲ ಲಾಯಕ್ಕಾಗಿದೆ, ಆದರೆ ಗಂಟೆಗಿಷ್ಟು ಅಂತ ಹಣ. ರಾಯರು ಒಂದು ನಡೆಗೇ ಕಾಲು ಗಂಟೆ ತೆಗೆದುಕೊಳ್ಳುವವರು. ಕುದುರೆ ಎತ್ತಿ ಇಡುವಷ್ಟರಲ್ಲಿ ಒಂದು ಮಸಾಲೆ ದೋಸೆಯ ದುಡ್ಡು ಮುಗಿದಿರುತ್ತದೆ. ನಮ್ಮ ಪಾರ್ಕಿನ ಕಲ್ಲುಬೆಂಚು ಅವರಿಗೆ ಒಪ್ಪಿಗೆಯೇ. ಆದರೆ ಅಲ್ಲಿ ಆಡುವವರು ಇಬ್ಬರಾದರೆ ಹೇಳಿಕೊಡುವವರು ಆರು ಮಂದಿ. ವಾಕಿಂಗ್ ಮುಗಿಸಿ ಬಂದವರು ಹಿಂದೆ ನಿಂತು "ಅಯ್ಯೋ, ಆನೆ ಹೋಯ್ತಲ್ರೀ" ಎಂದು ಕೂಗುತ್ತಾರೆ. ಅದು ಎದುರಾಳಿಯ ಕಿವಿಗೂ ಬೀಳುತ್ತದೆ. ಅಲ್ಲಿಯವರೆಗೆ ಅವನೂ ನೋಡಿರುವುದಿಲ್ಲ!

ಅಪರೂಪಕ್ಕೆ ಎಲ್ಲ ಕೂಡಿಬಂದಾಗಲೂ ರಗಳೆ ತಪ್ಪಿದ್ದಲ್ಲ. ಮೇಲಿನ ಮಹಡಿಗೆ ಬಂದ ಸಾಫ್ಟ್‌ವೇರ್ ಹುಡುಗ ಒಂದು ಭಾನುವಾರ ಪಾರ್ಕಿನಲ್ಲಿ ಸಿಕ್ಕಿಬಿದ್ದ. ಇಪ್ಪತ್ತನೆಯ ನಡೆಯಲ್ಲಿ ರಾಯರು ತಮ್ಮ ರಾಜನನ್ನು ಎತ್ತಿ ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿದರು.

"ಅಂಕಲ್, ರಾಜ ಹಾಗೆ ಹಾರಲ್ಲ."

"ಒಂದ್ಸಲ ಹಾರಬಹುದಪ್ಪಾ. ಅದಕ್ಕೆ ಮೊದಲು ಚೆಕ್ ಬಿದ್ದಿರಬಾರದು ಅಷ್ಟೆ. ನಮ್ಮ ತಂದೆ ಹೇಳಿಕೊಟ್ಟಿದ್ದು."

ಇದು ರಾಯರ ಕಟ್ಟುಕತೆಯಲ್ಲ. ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳು ಮೊದಲ ನಡೆಗೂ ಒಂದೇ ಮನೆ ಮುಂದೆ ಹೋಗುತ್ತಿತ್ತು, ಈಗಿನ ಕ್ಯಾಸ್ಲಿಂಗ್ ಬದಲು ರಾಜನಿಗೆ ಒಂದೇ ಒಂದು ಕುದುರೆ ಜಿಗಿತದ ರಿಯಾಯಿತಿ ಇತ್ತು. ಪಂಜಾಬಿನ ಸುಲ್ತಾನ್ ಖಾನ್ ಕಲಿತದ್ದು ಇದೇ ಆಟ. ಆಮೇಲೆ ಅವರು ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ರಾಯರು ಇಷ್ಟನ್ನೂ ಹುಡುಗನಿಗೆ ವಿವರಿಸಿದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರವತ್ನಾಲ್ಕು ಮನೆಗೂ ಕುದುರೆಯನ್ನು ಒಂದೊಂದೇ ಸಲ ಓಡಿಸುವ ಲೆಕ್ಕ ಹಾಕಿದ್ದನ್ನೂ ಸೇರಿಸಿದರು. ಹುಡುಗ ಎಲ್ಲವನ್ನೂ ಕೇಳಿ, "ಸುಲ್ತಾನ್ ಖಾನ್ ಅಲ್ಲಿ ಆಡಿದ್ದು ಅಲ್ಲಿನ ರೂಲಲ್ಲೇ ಅಲ್ವಾ ಅಂಕಲ್?" ಅಂದ. ಆ ಭಾನುವಾರದಿಂದ ಪಾರ್ಕಿನ ಬೆಂಚು ಚೆಸ್ಸಿಗೆ ಲಾಯಕ್ಕಲ್ಲ ಎಂದು ರಾಯರು ತೀರ್ಮಾನಿಸಿದರು. ಬಿಸಿಲು ಹೊಡೆಯುತ್ತದಂತೆ.

ಗಮನಿಸಿದರೆ, ಗೆದ್ದ ದಿನ ಯಾವ ಜಾಗಕ್ಕೂ ದೋಷವಿಲ್ಲ. ಒಮ್ಮೆ ಕಲ್ಯಾಣಮಂಟಪದ ಊಟದ ಹಾಲಿನಲ್ಲಿ, ಬಾಳೆಲೆ ಎತ್ತುವವರ ನಡುವೆ, ಬೀಗರ ಕಡೆಯವರೊಬ್ಬರನ್ನು ಸೋಲಿಸಿದರು. ಅಂಥ ಪ್ರಶಾಂತ ವಾತಾವರಣ ಇನ್ನೆಲ್ಲೂ ಇಲ್ಲ ಎಂದು ಈಗಲೂ ಹೇಳುತ್ತಾರೆ. ಅವರಿಗೆ ಬೇಕಾದದ್ದು ತಮಗಿಂತ ಒಂದು ಗುಲಗಂಜಿ ಕಡಿಮೆ ಆಡುವ, ಮುಕ್ಕಾಲು ಗಂಟೆ ಹೋರಾಡಿ ಸೋಲುವ, ಸೋತ ಮೇಲೆ "ನೀವು ಚೆನ್ನಾಗಿ ಆಡಿದ್ರಿ" ಅನ್ನುವ ಸಭ್ಯ ಮನುಷ್ಯ. ಇಂಥವರು ಮೈಸೂರಲ್ಲೂ ಹುಬ್ಬಳ್ಳಿಯಲ್ಲೂ ವಿರಳವೇ. ಮೈಸೂರಲ್ಲಂತೂ ಕೈ ಹಾಕುವ ಮುಂಚೆ ವಿಚಾರಿಸಬೇಕು. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಅಲ್ಲಿಯವರೇ, 2017ರಲ್ಲಿ ಪಟ್ಟ ಬಂತು.

ಕೊನೆಗೆ ಯಾರೋ ಪುಣ್ಯಾತ್ಮರು ಸಲಹೆ ಕೊಟ್ಟರು: ಮಕ್ಕಳ ಚೆಸ್ ಕ್ಲಾಸಿಗೆ ಹೋಗಿ, ಅಲ್ಲಿ ಬೋರ್ಡು, ಮೇಜು, ಫ್ಯಾನು ಎಲ್ಲ ಇದೆ. ಗುಕೇಶ್ 2024ರ ಡಿಸೆಂಬರಿನಲ್ಲಿ ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಕ್ರಾಸಿನ ಕ್ಲಾಸಿನಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಮೇಷ್ಟ್ರು ಹಿರಿಯರೆಂದು ಗೌರವ ಕೊಟ್ಟು, ಎರಡು ಜಡೆಯ ಒಂದು ಪುಟಾಣಿಯ ಎದುರಿಗೆ ಕೂರಿಸಿದರು. ಮಗುವಿನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಒಂದು ಕೈಯಲ್ಲಿ ಕ್ರೀಮ್ ಬಿಸ್ಕತ್ತು, ಇನ್ನೊಂದರಲ್ಲಿ ಪೆನ್ಸಿಲು. ಪ್ರತಿ ನಡೆಯನ್ನೂ ಹಾಳೆಯ ಮೇಲೆ ಬರೆದುಕೊಳ್ಳುತ್ತಿತ್ತು. ರಾಯರು ಮಂತ್ರಿಯನ್ನು ಮುಟ್ಟಿ, ಅಪಾಯ ಕಂಡು, ಕೈ ಹಿಂದೆಗೆದರು.

"ತಾತ, ಮುಟ್ಟಿದ್ರಿ."

"ಇಲ್ಲಮ್ಮ, ನೆಟ್ಟಗೆ ನಿಲ್ಲಿಸಿದೆ ಅಷ್ಟೆ."

"ಹಾಗಿದ್ರೆ ಮುಟ್ಟೋಕೆ ಮುಂಚೆ ಹೇಳ್ಬೇಕು. ಈಗ ಅದನ್ನೇ ನಡೆಸ್ಬೇಕು."

ಮೇಷ್ಟ್ರು ದೂರದಿಂದಲೇ ಹೌದೆಂದು ತಲೆಯಾಡಿಸಿದರು. ಮಂತ್ರಿ ಹೋಯಿತು. ಮಗು ಮುಖ ಎತ್ತಿಯೂ ನೋಡಲಿಲ್ಲ, ಬಿಸ್ಕತ್ತಿನ ಕ್ರೀಮು ನೆಕ್ಕುತ್ತಾ ಇನ್ನು ನಾಲ್ಕು ನಡೆಗಳಲ್ಲಿ ಆಟ ಮುಗಿಸಿತು. ರಾಯರು ನಿಧಾನವಾಗಿ ಕಾಯಿಗಳನ್ನು ಮತ್ತೆ ಜೋಡಿಸಿದರು.

"ಪುಟ್ಟಿ, ನಿಮ್ಮನೇಲಿ ದೊಡ್ಡವರು ಯಾರಾದ್ರೂ ಆಡ್ತಾರಾ?"

"ನಮ್ಮ ತಾತ ಆಡ್ತಾರೆ. ನಾನೇ ಹೇಳಿಕೊಟ್ಟಿದ್ದು."

"ಯಾವಾಗಮ್ಮಾ?"

"ದಸರಾ ರಜದಲ್ಲಿ. ಕುದುರೇನ ಇನ್ನೂ ನೇರ ನಡೆಸ್ತಾರೆ."

ರಾಯರ ಮುಖ ಅರಳಿತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೇಳಿದರು, "ನಿಮ್ಮ ಮನೆ ಯಾವ ಕ್ರಾಸು?"