ಹುಕುಂ ಬರೋ ತನಕ

ಬಟವಾಡಿಯ ನಮ್ಮ ಮನೆಗೆ ಹೇಮಾವತಿ ನೀರು ಎಷ್ಟೊತ್ತಿಗೆ ಬಂದೀತೆಂದು ಆ ಹೇಮಾವತಿಗೂ ತಿಳಿಯದು. ಹಾಗಾಗಿ ಸಂಪಿನ ಕಾವಲು ನನ್ನದು. “ಏನ್ರೀ, ನಿಮಗೆ ಕಾಯೋದು ಅಭ್ಯಾಸ ಅಲ್ವಾ?” ಅಂತಾಳೆ ನನ್ನಾಕೆ.

ತಳ್ಳಿಹಾಕೋ ಮಾತಲ್ಲ ಅದು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ‘ಆಪರೇಷನ್ ಪರಾಕ್ರಮ್’ ಅಂತ ಹೆಸರಿಟ್ಟು ಲಕ್ಷಾಂತರ ಸೈನಿಕರನ್ನು ಗಡಿಗೆ ಕಳಿಸಿದರು. ಸೇನೆಯ ಸರಬರಾಜು ದಳ ಎ.ಎಸ್.ಸಿ.ಯಲ್ಲಿ ಡ್ರೈವರ್ ಆಗಿದ್ದ ನಾನೂ ಹೊರಟೆ. ರಾಜಸ್ಥಾನದ ಮರಳಲ್ಲಿ ಟೆಂಟು ಹೊಡೆದು ಕೂತೆವು. ನಾಳೆ ಯುದ್ಧ ಅಂದರು. ಆ ನಾಳೆ ಹತ್ತು ತಿಂಗಳು ಎಳೆಯಿತು.

ಯುದ್ಧವಿಲ್ಲ ಅಂತ ಫೌಜು ಯಾರನ್ನೂ ಸುಮ್ಮನೆ ಕೂರಿಸೋದಿಲ್ಲ. ಬೆಳಗ್ಗೆ ಫಾಲ್‌ಇನ್, ಸಂಜೆ ರೋಲ್‌ಕಾಲ್, ನಡುವೆ ಗುಂಡಿ ತೋಡುವುದು. ರಾತ್ರಿ ಗಾಳಿ ಬಂದು ಮರಳು ತುಂಬುತ್ತಿತ್ತು. ಬೆಳಗ್ಗೆ ಮತ್ತೆ ಅದೇ ಗುಂಡಿ. ನನ್ನ ಪರಾಕ್ರಮವೆಲ್ಲ ನೀರಿನ ಗಾಡಿಯ ಸ್ಟೇರಿಂಗಿನ ಮೇಲೆ. ಮೇ ತಿಂಗಳ ಬಿಸಿಲಲ್ಲಿ ಶತ್ರುವಿಗಿಂತ ಹೆಚ್ಚಾಗಿ ನನ್ನ ದಾರಿ ಕಾಯುತ್ತಿದ್ದರು. ಲಂಗರಿನಲ್ಲಿ ಮೂರು ಹೊತ್ತೂ ರೊಟ್ಟಿ, ದಾಲು. ಮುದ್ದೆ ಅಂದರೇನೆಂದು ಕೈಸನ್ನೆಯಲ್ಲಿ ವಿವರಿಸಿದ್ದಕ್ಕೆ ಅಡುಗೆಯವನು ಪಾಪ, ಗೋಧಿಹಿಟ್ಟನ್ನೇ ಕುದಿಸಿ ಉಂಡೆ ಕಟ್ಟಿಕೊಟ್ಟ. ಅದು ಗಂಟಲಿಗೂ ಇಳಿಯಲಿಲ್ಲ, ತಟ್ಟೆಯನ್ನೂ ಬಿಡಲಿಲ್ಲ.

ಎಲ್ಲಿದ್ದೇವೆಂದು ಊರಿಗೆ ಬರೆಯುವಂತಿರಲಿಲ್ಲ. ವಿಳಾಸ 56 ಎ.ಪಿ.ಓ., ಅಷ್ಟೇ. “ಆ ಊರು ಶಿರಾದಿಂದ ಈಚೆಗೋ ಆಚೆಗೋ?” ಅಂತ ಅವ್ವ ಪೋಸ್ಟ್‌ಮ್ಯಾನನ್ನು ಕೇಳಿದ್ದಳಂತೆ. ನನಗೇನೂ ಆಗದಿದ್ದರೆ ಸಿದ್ಧಗಂಗೆ ಬೆಟ್ಟ ಹತ್ತುವುದಾಗಿ ನನ್ನಾಕೆ ಹರಕೆ ಹೊತ್ತಳು. ಹೊತ್ತವಳು ಅವಳು, ರಜೆಗೆ ಬಂದಾಗ ಹತ್ತಿದ್ದು ನಾನು.

ಯುದ್ಧ ನಡೆಯಲಿಲ್ಲ ನಿಜ. ಆದರೂ ನೆಲಬಾಂಬು ಹೂಳುವಾಗ, ತೆಗೆಯುವಾಗ, ಅಪಘಾತಗಳಲ್ಲಿ ನಮ್ಮವರು ನೂರಾರು ಮಂದಿ ಹೋದರು. ಆ ಮಾತು ಬಂದಾಗ ಮನೆಯಲ್ಲಿ ನನ್ನನ್ನು ಯಾರೂ ಗೇಲಿ ಮಾಡೋದಿಲ್ಲ. 2002ರ ಅಕ್ಟೋಬರ್ 16ರಂದು ಸೇನೆಯನ್ನು ವಾಪಸ್ ಕರೆಸುವ ತೀರ್ಮಾನ ಹೊರಬಿತ್ತು. ದಿನಾ ಎಣ್ಣೆ ಕುಡಿದು ಮಿರಿಮಿರಿ ಅನ್ನುತ್ತಿದ್ದ ನನ್ನ ರೈಫಲ್ಲು ಒಂದು ಗುಂಡೂ ಹಾರಿಸದೆ ಹಿಂತಿರುಗಿತು.

ಇದಕ್ಕೂ ಒಂದು ಪದಕವಿದೆ: ಆಪರೇಷನ್ ಪರಾಕ್ರಮ್ ಮೆಡಲ್. ಆಗಸ್ಟ್ 15ಕ್ಕೆ ಎದೆಗೆ ಸಿಕ್ಕಿಸಿಕೊಂಡು ಹೊರಟರೆ ಪಕ್ಕದ ಮನೆ ಹುಡುಗ ಬಿಡುವುದಿಲ್ಲ: “ಅಂಕಲ್, ಎಷ್ಟು ಜನರನ್ನ ಹೊಡೆದ್ರಿ?” ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಉತ್ತರ ಬರುತ್ತದೆ: “ನೊಣ ಕಣಪ್ಪಾ, ಲೆಕ್ಕ ಇಟ್ಟಿಲ್ಲ.”

ಸುಳ್ಳೇನಲ್ಲ. ಆ ಮರಳಿನಲ್ಲಿ ನೊಣಗಳ ಕಾಟ ವಿಪರೀತ.